ಏಳನೆಯ ಟೈಪ್‌ರೈಟರ್

ನನ್ನ ಹೆಂಡತಿಯ ಪ್ರಕಾರ ಇಷ್ಟೆಲ್ಲ ಆದದ್ದು ನನ್ನ ಬಡಾಯಿಯಿಂದ. ಆ ವರ್ಷ ಚೌತಿಯ ಊಟಕ್ಕೆ ಎದುರುಮನೆಯವರು ಕರೆದಿದ್ದರು. ಎಲೆಯ ಮುಂದೆ ಕೂತ ಹತ್ತು ಜನರಿಗೂ ಕೇಳುವ ಹಾಗೆ ನಾನು ಹೇಳಿದ್ದೆ: “ಟೈಪು ಮಾಡಿದ ಕಾಗದ ಯಾವುದಾದ್ರೂ ಕೊಡಿ, ಯಾವ ಮಷಿನ್ನಿಂದ ಬಂದಿದ್ದು ಅಂತ ಹೇಳ್ತೀನಿ. ಎರಡು ಮಷಿನ್ನು ಯಾವತ್ತೂ ಒಂದೇ ಥರ ಬರೆಯಲ್ಲ.” ಮನೆಯ ಯಜಮಾನರು ನನ್ನ ಬೆನ್ನು ತಟ್ಟಿ, “ನಮ್ಮ ಮೈಸೂರಿನವ್ರು ಸಾಮಾನ್ಯ ಅಲ್ಲ ಮಾರಾಯ್ರೆ, ಮನೆಯಲ್ಲಿ ಏಳು ಟೈಪ್‌ರೈಟರ್ ಉಂಟು, ಏಳು!” ಎಂದು ಸಾರಿದರು. ನಾನು ಉಬ್ಬಿಹೋದೆ.

ಡೊಂಬಿವಲಿಯ ಆ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮದು, ಅವರದು ಎದುರುಬದುರು ಬಾಗಿಲು. ಅವರು ಉಡುಪಿ ಕಡೆಯವರು; ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ. ಒಬ್ಬಳೇ ಮಗಳು, ಆಗತಾನೇ ಬಿ.ಕಾಂ. ಮುಗಿಸಿದ್ದಳು. ಅವರ ಮನೆಯೊಳಗೆ ತುಳು, ನಮ್ಮೊಂದಿಗೆ ಕನ್ನಡ. ಮಗಳು ಮಾತ್ರ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುವಳು. ನಾನೂ ನನ್ನ ಹೆಂಡತಿಯೂ ಬೆಳಿಗ್ಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ನಾನು ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ರಬಾಳೆಯ ಆಫೀಸಿಗೆ, ಅವಳು ಕಲ್ಯಾಣದ ಶಾಲೆಗೆ. ಗ್ಯಾಸ್ ಸಿಲಿಂಡರ್ ಬಂದರೆ, ಪಾತ್ರೆ ತೊಳೆಯುವ ಕೆಲಸದವಳು ಬಂದರೆ ಬೇಕಾದೀತೆಂದು ಮನೆಯ ಒಂದು ಬೀಗದ ಕೈ ಸದಾ ಅಕ್ಕನ ಹತ್ತಿರವೇ ಇರುತ್ತಿತ್ತು.

ಟೈಪ್‌ರೈಟರಿನ ಹುಚ್ಚು ನನಗೆ ಹಿಡಿದದ್ದು ಎರಡು ಸಾವಿರದ ನಾಲ್ಕೈದರ ಸುಮಾರಿಗೆ. ಆಫೀಸುಗಳೆಲ್ಲ ಅವನ್ನು ತೂಕಕ್ಕೆ ಹಾಕುತ್ತಿದ್ದ ಕಾಲ. ಕಲ್ಯಾಣದ ಒಂದು ಭಂಗಾರ್, ಅಂದರೆ ಗುಜರಿ ಅಂಗಡಿಯಲ್ಲಿ, ಮುರಿದ ಫ್ಯಾನುಗಳ ರಾಶಿಯ ಕೆಳಗೆ ನೀಲಿ ಚೀಲವೊಂದು ಸಿಕ್ಕಿತು. ಜಿಪ್ ಎಳೆದರೆ ಒಳಗೆ ಇಟಲಿಯ ಪೋರ್ಟಬಲ್, ಒಂದೂ ಕೀ ಅಲುಗಾಡದೆ ಕೂತಿತ್ತು. ಆಮೇಲೆ ತಗಡಿನ ಮುಚ್ಚಳದ ಒಂದು ಸ್ವಿಸ್, ಎತ್ತಿದರೆ ಭುಜ ನೋಯುವ ಒಂದು ಜರ್ಮನ್, ನಮ್ಮ ದೇಶದ್ದೇ ಎರಡು, ಜಪಾನಿನದೊಂದು. ಏಳನೆಯದು ಪೂರ್ವ ಜರ್ಮನಿಯದು, ಹಾಲುಕೆನೆ ಬಣ್ಣ. ಠಾಣೆಯ ಕೋರ್ಟಿನ ಹೊರಗೆ ಅಫಿಡವಿಟ್ ಹೊಡೆಯುವ ಟೈಪಿಸ್ಟುಗಳ ಸಾಲಿನ ಕೊನೆಗೆ ಮುದಿ ಮೆಕ್ಯಾನಿಕ್ಕೊಬ್ಬರು ಕೂರುತ್ತಿದ್ದರು. ಏಳಕ್ಕೂ ಎಣ್ಣೆ ಬಿಟ್ಟು ಜೀವ ಕೊಟ್ಟವರು ಅವರೇ.

ಒಟ್ಟುಮಾಡುವುದಕ್ಕಿಂತ ನನಗೆ ಹೋಲಿಸುವುದರಲ್ಲಿ ಖುಷಿ. ಒಂದೇ ವಾಕ್ಯವನ್ನು ಏಳರಲ್ಲೂ ಹೊಡೆದು, ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದು ಕೂರುತ್ತಿದ್ದೆ. ಇಟಲಿಯದರ ಅಕ್ಷರ ದುಂಡಗೆ, ಕೀ ಬೆಣ್ಣೆಯ ಹಾಗೆ; ಆದರೆ ಗಂಟೆ ಸತ್ತಹಾಗೆ ಹೊಡೆಯುತ್ತಿತ್ತು. ಸ್ವಿಸ್ಸಿನದು ಗೆರೆ ಎಳೆದಂತೆ ನೇರ. ಪೂರ್ವ ಜರ್ಮನಿಯದರ ದೊಡ್ಡಕ್ಷರಗಳು ಸಾಲಿನಿಂದ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತಿದ್ದವು, ಚಿಕ್ಕ ‘ಆರ್’ನ ಕಾಲು ಸವೆದಿತ್ತು. ಮೆಕ್ಯಾನಿಕ್ ಸರಿಮಾಡುತ್ತೇನೆಂದರೂ ನಾನೇ ಬೇಡವೆಂದಿದ್ದೆ. ಅದು ಅದರ ಸಹಿ ಇದ್ದಂತೆ ಅನ್ನಿಸುತ್ತಿತ್ತು.

ಚೌತಿ ಕಳೆದು ಎರಡು ತಿಂಗಳಿಗೆ ಮಗಳ ಮದುವೆ ಗೊತ್ತಾಯಿತು. ಹುಡುಗ ಕಾಮೋಠೆಯವನು, ಒಳ್ಳೆಯ ಕೆಲಸ, ಸ್ವಂತ ಫ್ಲ್ಯಾಟು. ಸಂಬಂಧ ತಂದವರು ಹುಡುಗನ ಸೋದರಮಾವ. ಅಣ್ಣನ ಇಪ್ಪತ್ತೈದು ವರ್ಷದ ಸ್ನೇಹಿತರು, ಅವರದೂ ಹೋಟೆಲೇ. ಹಾಲ್ ಗೊತ್ತುಮಾಡಿ, ಊರಿನಿಂದ ಬರುವವರಿಗೆ ರೈಲಿನ ರಿಸರ್ವೇಶನ್ ಕೂಡ ಮಾಡಿಸಿದ್ದರು.

ಒಂದು ಶನಿವಾರ ಮಧ್ಯಾಹ್ನ, ಹೋಟೆಲಿನಲ್ಲಿ ಗಿರಾಕಿ ಕಡಿಮೆಯಾಗುವ ಹೊತ್ತಿಗೆ, ಅಣ್ಣ ನಮ್ಮ ಬಾಗಿಲು ಬಡಿದರು. ಮುಖ ಕೆಂಪಗಿತ್ತು. ಕೈಯಲ್ಲಿ ಮಡಿಸಿದ ಒಂದು ಹಾಳೆ.

“ಅವತ್ತು ಹೇಳಿದ್ರಲ್ಲ, ಕಾಗದ ನೋಡಿ ಮಷಿನ್ ಗೊತ್ತಾಗ್ತದೆ ಅಂತ. ನೋಡಿ ಇದನ್ನು. ಯಾವ ಬೇವರ್ಸಿ ಬರೆದದ್ದು ಅಂತ ನನಗೆ ಗೊತ್ತಾಗ್ಬೇಕು.”

ಇಂಗ್ಲಿಷಿನಲ್ಲಿ ಟೈಪು ಮಾಡಿದ ಪತ್ರ. ಅಂಚೆಯಲ್ಲಿ ಹೋಟೆಲಿನ ವಿಳಾಸಕ್ಕೆ ಬಂದಿತ್ತು. ಕೊನೆಗೆ ಹೆಸರಿಲ್ಲ, ‘ಹಿತೈಷಿ’ ಎಂದಷ್ಟೇ. ನಿಮ್ಮ ಭಾವೀ ಅಳಿಯನಿಗೆ ಹಿಂದೆ ಒಂದು ನಿಶ್ಚಿತಾರ್ಥ ಆಗಿತ್ತು. ಆ ಹುಡುಗಿಗೆ ಅವನು ಹೊಡೆದ ಏಟಿಗೆ ಅವಳ ಎಡಗಿವಿ ಈಗ ಸರಿಯಾಗಿ ಕೇಳಿಸುವುದಿಲ್ಲ. ಅವಳ ಮನೆ ಘಣಸೋಲಿಯ ಹಳೆಯ ಊರಿನ ಪಕ್ಕದಲ್ಲಿದೆ. ದಯವಿಟ್ಟು ಒಮ್ಮೆ ಹೋಗಿ ವಿಚಾರಿಸಿ. ಕೆಳಗೆ ಕಟ್ಟಡದ ಗುರುತೂ ಕೊಟ್ಟಿತ್ತು.

“ಇದರಲ್ಲಿರೋದು ನಿಜವಾ ಅಣ್ಣ?”

“ನಿಜವಾ ಅಂತ ಕೇಳ್ತೀರಲ್ಲ ಮಾರಾಯ್ರೆ! ಹೆಸರು ಹಾಕ್ಲಿಕ್ಕೆ ಧೈರ್ಯ ಇಲ್ಲದವನು ನಿಜ ಬರೀತಾನಾ? ನನ್ನ ಮಗಳಿಗೆ ಒಳ್ಳೆಯದಾಗುದನ್ನು ನೋಡ್ಲಿಕ್ಕೆ ಆಗದವರು ಯಾರೋ. ನಾಳೆ ಬೆಳಿಗ್ಗೆ ಹುಡುಗನ ಸೋದರಮಾವ ಬರ್ತಾರೆ. ಪೊಲೀಸ್ ಕಂಪ್ಲೇಂಟ್ ಕೊಡುವ ಅಂತ ಹೇಳ್ತಿದ್ದಾರೆ. ಅದರ ಮುಂಚೆ ನೀವೊಮ್ಮೆ ನೋಡಿ ಹೇಳಿ.”

ನಾನು ಉತ್ಸಾಹದಿಂದಲೇ ಭೂತಗನ್ನಡಿ ತಂದೆ. ಇಂಥ ಪರೀಕ್ಷೆ ಯಾವತ್ತೂ ಸಿಕ್ಕಿರಲಿಲ್ಲ. ಕಿಟಕಿಯ ಬೆಳಕಿಗೆ ಹಾಳೆ ಹಿಡಿದು ಮೊದಲ ಸಾಲು ಓದಿದೆ. ದೊಡ್ಡಕ್ಷರ ಕೂದಲೆಳೆಯಷ್ಟು ಮೇಲೆ. ಎರಡನೆಯ ಸಾಲಿನಲ್ಲಿ ‘ಆರ್’. ಮತ್ತೊಂದು ‘ಆರ್’. ಎಲ್ಲಕ್ಕೂ ಕಾಲು ಸವೆದಿತ್ತು.

ನಾನು ಭೂತಗನ್ನಡಿ ಕೆಳಗಿಟ್ಟೆ.

“ಏನಾದ್ರೂ ಗೊತ್ತಾಯ್ತಾ?” ಅಣ್ಣ ನನ್ನ ಹೆಗಲ ಮೇಲಿಂದ ಬಗ್ಗಿ ಕೇಳಿದರು. ಅವರ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

“ಸ್ವಲ್ಪ ನಿಧಾನವಾಗಿ ನೋಡ್ಬೇಕು,” ಎಂದೆ. “ಪತ್ರ ಇಲ್ಲೇ ಇರಲಿ. ನಾಳೆ ಹೇಳ್ತೀನಿ.”

ಅವರು ಹೋದ ಮೇಲೆ ಬಾಗಿಲಿನ ಚಿಲಕ ಹಾಕಿ, ಕಪಾಟಿನಿಂದ ಹಾಲುಕೆನೆ ಬಣ್ಣದ ಯಂತ್ರ ತೆಗೆದು ಪತ್ರದ ಮೊದಲ ಎರಡು ಸಾಲು ಹೊಡೆದೆ. ಸಂಶಯಕ್ಕೆ ಜಾಗವೇ ಉಳಿಯಲಿಲ್ಲ. ಪತ್ರ ನನ್ನ ಮನೆಯಲ್ಲಿ, ನನ್ನ ಮೇಜಿನ ಮೇಲೆ ತಯಾರಾಗಿತ್ತು.

ಹೆಂಡತಿಯನ್ನು ಕರೆದೆ. ಅವಳು ಪತ್ರ ಓದಿ, ಎರಡೂ ಹಾಳೆ ನೋಡಿ, ನನ್ನ ಮುಖ ನೋಡಿದಳು. “ನೀವು ಬರೆದ್ರಾ?”

“ನಾನು ಎರಡು ಬೆರಳಲ್ಲಿ ಕುಟ್ಟೋನು ಕಣೇ. ಇದನ್ನ ನೋಡು.” ಪತ್ರದ ಒಂದೊಂದು ಅಕ್ಷರವೂ ಒಂದೇ ಒತ್ತಡದಲ್ಲಿ ಬಿದ್ದಿತ್ತು. ಎಡಗಡೆ ಅಳೆದ ಹಾಗೆ ಅಂಚು, ಪೂರ್ಣವಿರಾಮದ ನಂತರ ಎರಡೆರಡು ಜಾಗ, ಒಂದು ಕಡೆಯೂ ಹೊಡೆದು ತಿದ್ದಿದ ಗುರುತಿಲ್ಲ. “ಇದು ಕಲಿತ ಕೈ. ಹತ್ತು ಬೆರಳಿನ ಕೈ.”

ಅವಳು ಮೆಲ್ಲಗೆ ಕೇಳಿದಳು. “ನಮ್ಮನೆ ಕೀ ಯಾರ ಹತ್ರ ಇದೆ ರೀ?”

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಅಕ್ಕ ಮೊದಲ ಸಲ ನನ್ನ ಯಂತ್ರಗಳನ್ನು ನೋಡಲು ಬಂದಿದ್ದರು. ಒಂದರ ಮುಂದೆ ನಿಂತವರು ಕೂತೇಬಿಟ್ಟರು. ಕೀಗಳ ಕಡೆ ನೋಡದೆ, ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಒಂದು ಸಾಲು ಹೊಡೆದು, ನಾಚಿದ ಹಾಗೆ ಎದ್ದು ನಿಂತಿದ್ದರು. “ಮದುವೆಗೆ ಮೊದ್ಲು ಮೂರು ವರ್ಷ ಫೋರ್ಟ್ ಏರಿಯಾದ ಒಂದು ಆಫೀಸಲ್ಲಿ ಟೈಪಿಸ್ಟ್ ಆಗಿದ್ದೆ. ಈಗ ಬೆರಳು ಮರೆತಿರ್ತದೆ,” ಎಂದಿದ್ದರು. ಬೆರಳು ಏನೂ ಮರೆತಿರಲಿಲ್ಲ.

ಐದೂವರೆಗೆ ಅಕ್ಕ ತಾವಾಗಿಯೇ ಬಂದರು. ಅಣ್ಣ ಹೋಟೆಲಿಗೆ ವಾಪಸು ಹೋಗಿದ್ದರು. ಮೇಜಿನ ಮೇಲೆ ಯಂತ್ರವನ್ನೂ ಎರಡು ಹಾಳೆಗಳನ್ನೂ ಕಂಡು ಅಲ್ಲೇ ಗೋಡೆಗೆ ಕೈ ಕೊಟ್ಟು ನಿಂತರು.

“ಗೊತ್ತಾಯ್ತಲ್ಲ ನಿಮ್ಗೆ.”

ಹೆಂಡತಿ ಅವರನ್ನು ಕೂರಿಸಿ ನೀರು ಕೊಟ್ಟಳು. ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ನನ್ನ ಮನೆ, ನನ್ನ ವಸ್ತು. ನಾಳೆ ಪೊಲೀಸರು ಬಂದರೆ ನನ್ನ ಹೆಸರು.

“ಅಣ್ಣನಿಗೆ ನೀವೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅಕ್ಕ?”

“ಹೇಳ್ಲಿಲ್ಲ ಅಂತ ಎಣಿಸಿದ್ರಾ? ಮೂರು ಸಲ ಹೇಳಿದೆ. ಕಾಮೋಠೆಯಲ್ಲಿ ಅರಶಿನ ಕುಂಕುಮಕ್ಕೆ ಹೋದಾಗ ಹುಡುಗನ ಕಟ್ಟಡದ ಹೆಂಗಸೊಬ್ರು ನನ್ನನ್ನು ಬದಿಗೆ ಕರೆದು ಹೇಳಿದ್ರು. ಇವರ ಹತ್ರ ಹೇಳಿದ್ರೆ, ‘ಹೆಂಗಸರಿಗೆ ಕೆಲಸ ಇಲ್ಲ, ಯಾರೋ ನಿನ್ನ ಕಿವಿಗೆ ಊದಿದ್ದಾರೆ’ ಅಂತ ಎದ್ದು ಹೋದ್ರು. ಮತ್ತೆ ಒಂದಿನ ದೇವಸ್ಥಾನಕ್ಕೆ ಅಂತ ಹೇಳಿ ಘಣಸೋಲಿಗೇ ಹೋದೆ. ಆ ಹುಡುಗಿಯನ್ನು ನೋಡಿದೆ.” ಅವರು ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ನನ್ನ ಮಗಳ ಪ್ರಾಯವೇ. ನಾನು ಎಡಗಡೆ ಕೂತಿದ್ದೆ. ಮಾತಾಡುವಾಗೆಲ್ಲ ಪೂರಾ ತಿರುಗಿ ನನ್ನ ಬಾಯಿಯನ್ನೇ ನೋಡ್ತಿದ್ಳು.”

ನನ್ನ ಹೆಂಡತಿ ಅವರ ಪಕ್ಕಕ್ಕೆ ಸರಿದು ಕೂತಳು.

“ನಾನು ಹೇಳಿದ್ರೆ ಅವರು ಕೇಳುದಿಲ್ಲ. ಯಾರೋ ಹೊರಗಿನವರು, ಗಂಡಸು, ಇಂಗ್ಲಿಷ್‌ನಲ್ಲಿ ಬರೆದಿದ್ದಾರೆ ಅಂದ್ರೆ ಹೋಗಿ ನೋಡಿಯಾರು ಅಂತ ಆಸೆ ಇತ್ತು. ಈಗ ನೋಡಿದ್ರೆ ಪತ್ರ ಹಿಡಿದು ನಿಮ್ಮ ಹತ್ರವೇ ಬಂದು, ಬರೆದದ್ದು ಯಾರು ಅಂತ ಹುಡುಕ್ತಿದ್ದಾರೆ.”

“ನಿಮ್ಮ ಮೇಲೆ ಅವರಿಗೆ ಅನುಮಾನ ಬಂದಿಲ್ವಾ?” ನನ್ನ ಹೆಂಡತಿ ಕೇಳಿದಳು.

“ನನಗೆ ಟೈಪಿಂಗ್ ಬರ್ತದೆ ಅಂತ ಅವರಿಗೆ ನೆನಪೇ ಇಲ್ಲ,” ಎಂದರು ಅಕ್ಕ.

ಏಳುವಾಗ, ನಾಳೆ ಏನು ಹೇಳುತ್ತೀರಿ ಎಂದು ಕೇಳಿದರು. “ಹೇಳಿ ಅಂತಲೂ ಹೇಳುದಿಲ್ಲ, ಬೇಡ ಅಂತಲೂ ಹೇಳುದಿಲ್ಲ. ನಿಮ್ಮನ್ನು ಕೇಳದೆ ನಿಮ್ಮ ಮಷಿನ್ ಮುಟ್ಟಿದ್ದು ನನ್ನ ತಪ್ಪು,” ಎಂದು ಹೊರಟುಹೋದರು.

ಆ ಸಂಜೆ ನಾವಿಬ್ಬರೂ ಜಗಳವಾಡಿದೆವು. ನಿಜ ಹೇಳಿಬಿಡುತ್ತೇನೆ ಎಂದೆ ನಾನು. ಹೇಳಿದರೆ ಅಕ್ಕನ ಗತಿ ಏನು ಎಂದಳು ಅವಳು. ಹೇಳದಿದ್ದರೆ ನನ್ನ ಗತಿ ಏನು ಎಂದೆ. ಕೊನೆಗೆ ಇಬ್ಬರೂ ಸೇರಿ ಏಳನೆಯ ಯಂತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಂಚದ ಅಡಿಗೆ, ಸೂಟ್‌ಕೇಸುಗಳ ಹಿಂದೆ ತಳ್ಳಿದೆವು. ಹಾಗೆ ತಳ್ಳುವಾಗ ಅದರ ಗಂಟೆ ಒಮ್ಮೆ ಟಿಣ್ ಎಂದಿತು. ಕಳ್ಳರಂತೆ ಇಬ್ಬರೂ ಬಾಗಿಲಿನ ಕಡೆ ನೋಡಿದೆವು.

ಭಾನುವಾರ ಹತ್ತು ಗಂಟೆಗೆ ಅಣ್ಣನೊಂದಿಗೆ ಸೋದರಮಾವ ಬಂದರು. ಬಿಳಿ ಅಂಗಿ, ಚಿನ್ನದ ಚೌಕಟ್ಟಿನ ಕನ್ನಡಕ, ಮೆತ್ತಗಿನ ಮಾತು. ಕೂತವರು ಕಪಾಟಿನತ್ತ ಕಣ್ಣಾಡಿಸಿ, “ಈ ಕಾಲದಲ್ಲಿ ಟೈಪ್‌ರೈಟರ್ ಇಟ್ಟುಕೊಂಡವರು ಎಷ್ಟು ಜನ ಇದ್ದಾರು ಹೇಳಿ?” ಎಂದರು. “ನಾನು ನಿಮ್ಮ ಮೇಲೆ ಅಪವಾದ ಹಾಕುದಲ್ಲ. ಆದ್ರೆ ಮೊದ್ಲು ಮನೆಯಲ್ಲಿರುವುದನ್ನು ನೋಡಿ ಆಮೇಲೆ ಹೊರಗೆ ಹೋಗುವ. ಎಲ್ಲದರಲ್ಲೂ ಈ ಪತ್ರದ ಮೊದಲ ಸಾಲು ಹೊಡೀರಿ.”

ಅಣ್ಣನಿಗೆ ಇರುಸುಮುರುಸಾಯಿತು. “ಇವರು ನಮ್ಮವರು…” ಎಂದರು. “ಹಾಗಾದ್ರೆ ಹೆದರಿಕೆ ಎಂತಕ್ಕೆ?” ಎಂದರು ಸೋದರಮಾವ.

ನಾನು ಒಂದೊಂದಾಗಿ ಯಂತ್ರ ಇಳಿಸಿ ಹೊಡೆಯತೊಡಗಿದೆ. ಇಟಲಿಯದು. ಸ್ವಿಸ್ಸಿನದು. ಒಂದು ಅಕ್ಷರ ತಪ್ಪಿತು, ಬೇರೆ ಹಾಳೆ ಹಾಕಿದೆ. ಸೋದರಮಾವ ಪ್ರತಿ ಹಾಳೆಯನ್ನೂ ಪತ್ರದ ಪಕ್ಕ ಇಟ್ಟು ನನ್ನದೇ ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಅವಸರವೇ ಇಲ್ಲ. ನಮ್ಮ ತೆರೆದ ಬಾಗಿಲಲ್ಲಿ ಮಗಳು ಬಂದು ನಿಂತಳು. ಅವಳ ಹಿಂದೆ ಎದುರುಮನೆಯ ಹೊಸ್ತಿಲಲ್ಲಿ ಅಕ್ಕ. ಐದನೆಯ ಹಾಳೆಯ ಮೇಲೆ ಸೋದರಮಾವನ ಕೈ ನಿಂತಿತು. “ಇದು ಸ್ವಲ್ಪ ಹತ್ತಿರ ಉಂಟು,” ಎಂದವರು ಮತ್ತೊಮ್ಮೆ ನೋಡಿ, “ಅಲ್ಲ, ಅಲ್ಲ,” ಎಂದು ಬದಿಗಿಟ್ಟರು. ಆರನೆಯದೂ ಮುಗಿಯಿತು.

“ಆಯ್ತಲ್ಲ? ನಾನು ಹೇಳ್ಲಿಲ್ವಾ, ಇವರು ಅಂಥವರಲ್ಲ,” ಎಂದು ಅಣ್ಣ ಹಗುರಾದರು. ಮರುಕ್ಷಣವೇ ಅವರ ಹುಬ್ಬು ಗಂಟಿಕ್ಕಿತು. “ಏಳು ಇತ್ತಲ್ಲ? ನಾನೇ ಎಲ್ರಿಗೂ ಹೇಳಿದ್ದು, ಏಳು ಅಂತ.”

“ಒಂದು ರಿಪೇರಿಗೆ ಹೋಗಿದೆ ಅಣ್ಣ. ಠಾಣೆಗೆ.”

“ಯಾವಾಗ ಕೊಟ್ಟದ್ದು?” ಸೋದರಮಾವ ಜೇಬಿನಿಂದ ಮೊಬೈಲು ತೆಗೆದರು. “ಯಾರ ಹತ್ರ? ನಂಬರ್ ಹೇಳಿ. ಒಂದು ಮಾತು ಕೇಳಿದ್ರೆ ಮುಗೀತಲ್ಲ.”

ಭಾನುವಾರ ಕೋರ್ಟಿಗೆ ರಜೆ, ಮೆಕ್ಯಾನಿಕ್ ಹತ್ತಿರ ಫೋನಿಲ್ಲ ಎಂದು ಏನೇನೋ ತೊದಲಿದೆ. ಅಣ್ಣ ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿದ್ದ ನಂಬಿಕೆ ಕಣ್ಣೆದುರೇ ಕರಗುವುದು ನನಗೆ ಕಾಣಿಸುತ್ತಿತ್ತು. “ಸತ್ಯ ಹೇಳಿ,” ಎಂದರು. “ನೀವಾ?”

“ಸುಳ್ಳು ಯಾಕೆ ಹೇಳ್ತೀರಿ ನೀವು ನನಗೋಸ್ಕರ?” ಅಕ್ಕ ಒಳಗೆ ಬಂದಿದ್ದರು. “ಎಲ್ಲಿ ಇಟ್ಟಿದ್ದೀರಿ ಅದನ್ನು?”

ನನ್ನ ಹೆಂಡತಿ ಒಳಗೆ ಹೋಗಿ, ಸೀರೆ ಸುತ್ತಿದ್ದ ಯಂತ್ರವನ್ನು ಮಗುವಿನಂತೆ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟಳು. ಅಕ್ಕ ಸೆರಗಿಗೆ ಕೈ ಒರೆಸಿ ಕುರ್ಚಿ ಎಳೆದುಕೊಂಡರು. ಹಾಳೆ ಹಾಕಿ, ಅಂಚು ಸರಿಮಾಡಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಪತ್ರವನ್ನು ನೋಡಲಿಲ್ಲ, ಕೀಗಳನ್ನೂ ನೋಡಲಿಲ್ಲ. ಗಂಡನ ಮುಖ ನೋಡುತ್ತ ಹೊಡೆಯತೊಡಗಿದರು. ಆ ಕೋಣೆಯಲ್ಲಿ ಅಂಥ ಸಮವಾದ ಶಬ್ದ ನಾನು ಯಾವತ್ತೂ ಕೇಳಿರಲಿಲ್ಲ. ಸಾಲಿನ ಕೊನೆಗೆ ಗಂಟೆ, ರೋಲರಿನ ಸದ್ದು, ಮತ್ತೆ ಸಾಲು. ನಾಲ್ಕು ಸಾಲಾದ ಮೇಲೆ ಹಾಳೆ ತೆಗೆದು ಗಂಡನ ಕೈಗೆ ಕೊಟ್ಟರು.

ಅಣ್ಣ ಹಾಳೆಯನ್ನು ನೋಡಲೇ ಇಲ್ಲ. “ನಿನಗೆ ಟೈಪು ಮಾಡ್ಲಿಕ್ಕೆ ಬರ್ತದಾ?” ಎಂದು ಕೇಳಿದರು.

“ನೀವು ನನ್ನನ್ನು ನೋಡ್ಲಿಕ್ಕೆ ಬಂದ ದಿನ ನಾನು ಆಫೀಸಿನಿಂದ ಬಂದು ನಿಮ್ಗೆ ಚಾ ಕೊಟ್ಟದ್ದು.”

ಸೋದರಮಾವ ಎದ್ದು ನಿಂತರು. ಮೆತ್ತಗಿನ ಮಾತು ಈಗ ಇರಲಿಲ್ಲ. “ಇದೆಂತ ನಾಟಕ? ಮಗಳ ಮದುವೆ ತಾಯಿಯೇ ಮುರಿಯುದಾ? ಅದೆಲ್ಲ ಮುಗಿದುಹೋದ ವಿಷಯ. ಆ ಹುಡುಗಿಯ ಬಾಯಿಯೂ ಸಣ್ಣದಲ್ಲ, ಎದುರು ಮಾತಾಡಿದ್ದಕ್ಕೆ ಸಿಟ್ಟಲ್ಲಿ ಒಂದು…”

ಅಲ್ಲಿಗೆ ನಿಲ್ಲಿಸಿದರು. ತಡವಾಗಿತ್ತು.

ಅಣ್ಣ ಬಹಳ ಮೆಲ್ಲಗೆ ಕೇಳಿದರು. “ನಿಮಗೆ ಗೊತ್ತಿತ್ತಾ?”

ಸೋದರಮಾವ ಕನ್ನಡಕ ತೆಗೆದು ಒರೆಸತೊಡಗಿದರು. ಬಾಗಿಲಲ್ಲಿದ್ದ ಮಗಳು ಒಳಗೆ ಬಂದು ತಾಯಿಯ ಹೆಗಲ ಮೇಲೆ ಕೈಯಿಟ್ಟಳು. “ಪಪ್ಪಾ, ಘಣಸೋಲಿ ಚಲ್ತೇ ಹೈಂ. ಅಭೀ,” ಎಂದಳು. ಈಗಲೇ ಹೊರಡೋಣ ಎಂದು. ಚಪ್ಪಲಿ ಆಗಲೇ ಮೆಟ್ಟಿದ್ದಳು.

ಸೋದರಮಾವ ಮೆಟ್ಟಿಲಿಳಿದು ಹೋದರು. ಹತ್ತು ನಿಮಿಷದ ನಂತರ ಎದುರುಮನೆಯ ಮೂವರೂ ಬಾಗಿಲಿಗೆ ಬೀಗ ಹಾಕಿ ಇಳಿದರು. ಅಣ್ಣ ಮುಂದೆ, ತಾಯಿ ಮಗಳು ಹಿಂದೆ. ನಮ್ಮ ಕಡೆ ಯಾರೂ ನೋಡಲಿಲ್ಲ. ನಾನು ಆರು ಹಾಳೆಗಳನ್ನು ಹರಿದು ಕಸಕ್ಕೆ ಹಾಕಿದೆ. ಆ ದಿನ ನಮಗಿಬ್ಬರಿಗೂ ಅನ್ನ ಸೇರಲಿಲ್ಲ. ಲಿಫ್ಟಿನ ಸದ್ದಾದಾಗಲೆಲ್ಲ ಹೆಂಡತಿ ಬಾಗಿಲ ಕಣ್ಣಿನಲ್ಲಿ ಇಣುಕುತ್ತಿದ್ದಳು.

ಘಣಸೋಲಿಯಲ್ಲಿ ಆದದ್ದನ್ನು ಅಕ್ಕ ವಾರದ ನಂತರ ನನ್ನ ಹೆಂಡತಿಗೆ ಹೇಳಿದರು. ಅಣ್ಣ ಆ ಮನೆಯಲ್ಲಿ ಅರ್ಧ ಗಂಟೆ ಕೂತಿದ್ದರಂತೆ. ಹುಡುಗಿಯ ತಂದೆ ಆಸ್ಪತ್ರೆಯ ಕಾಗದ ತೆಗೆಯಲು ಎದ್ದರೆ ಬೇಡವೆಂದು ತಡೆದರಂತೆ. ಹುಡುಗಿಯನ್ನು ಒಂದೇ ಪ್ರಶ್ನೆ ಕೇಳಿದರಂತೆ: “ಇದು ಮೊದಲ ಸಲ ಆದದ್ದಾ ಮಗಾ?” ಅವಳು ಅಲ್ಲವೆಂದು ತಲೆಯಾಡಿಸಿದಳಂತೆ. ಹಿಂತಿರುಗುವಾಗ ಠಾಣೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತವರು ನಾಲ್ಕು ಗಾಡಿ ಬಿಟ್ಟರೂ ಏಳಲಿಲ್ಲವಂತೆ.

ಮದುವೆ ನಿಂತಿತು. ಸೋದರಮಾವನ ಕಡೆಯವರು ಅಣ್ಣನ ಮಗಳದ್ದೇ ಏನೋ ತಪ್ಪಿತ್ತೆಂದು ಸಮಾಜದಲ್ಲೆಲ್ಲ ಆಡಿದರು. ಒಂದು ವರ್ಷ ಆ ಮನೆಗೆ ಬೇರೆ ಸಂಬಂಧ ಬರಲಿಲ್ಲ. ಮಗಳು ವಾಶಿಯಲ್ಲಿ ಕೆಲಸಕ್ಕೆ ಸೇರಿದಳು. ಐದು ವರ್ಷದ ಮೇಲೆ ಜೊತೆಯಲ್ಲಿ ಕೆಲಸ ಮಾಡುವ ಮರಾಠಿ ಹುಡುಗನನ್ನು ಮದುವೆಯಾದಳು. ಅಕ್ಕ ನಮ್ಮ ಬೀಗದ ಕೈಯನ್ನು ಘಣಸೋಲಿಗೆ ಹೋಗಿಬಂದ ಮರುದಿನವೇ ತಂದುಕೊಟ್ಟಿದ್ದರು. ನಾವು ಬೇಡವೆಂದರೂ ಕೇಳಲಿಲ್ಲ.

ಅಣ್ಣ ನನ್ನೊಂದಿಗೆ ಮಾತು ಬಿಟ್ಟರು. ಮೆಟ್ಟಿಲಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುವರು. ಹೆಂಡತಿಯ ಮುಂದೆ ಸೋತ ನಾಚಿಕೆಯಿರಬೇಕು, ಅದಕ್ಕೆ ನಾನು ಸಾಕ್ಷಿಯಾದೆನಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಅದು ತಪ್ಪೆಂದು ತಿಳಿದದ್ದು ಒಂದೂವರೆ ವರ್ಷದ ನಂತರ. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಜನ ಕಿಕ್ಕಿರಿದು ನಿಂತ ಒಂದು ಬೆಳಿಗ್ಗೆ, ಅವರು ನನ್ನ ಪಕ್ಕದಲ್ಲೇ ಸಿಕ್ಕಿಬಿದ್ದರು. ಮುಂದೆಯೂ ಹೋಗಲಾಗದು, ಹಿಂದೆಯೂ ಹೋಗಲಾಗದು.

“ಅವಳು ಮಾಡಿದ್ದು ಸರಿ,” ಎಂದರು, ನನ್ನ ಕಡೆ ನೋಡದೆ. “ಅದನ್ನು ನಾನು ಒಪ್ಪಿಕೊಂಡಿದ್ದೇನೆ. ಅವಳ ಹತ್ರವೂ ಹೇಳಿದ್ದೇನೆ. ಆದ್ರೆ ನೀವು? ಶನಿವಾರವೇ ನಿಮಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನೆದುರು ಕೂತು ಆರು ಮಷಿನ್ ಬಡಿದ್ರಿ. ಒಂದೊಂದು ಹಾಳೆ ತೆಗೆಯುವಾಗಲೂ ನಾನು ದೇವ್ರಿಗೆ ಕೈ ಮುಗೀತಿದ್ದೆ, ಇವರದ್ದು ಆಗ್ದೇ ಇರ್ಲಿ ಅಂತ.”

“ತಪ್ಪಾಯ್ತು ಅಣ್ಣ,” ಎಂದೆ. ಅಷ್ಟರಲ್ಲಿ ಜನ ಅಲುಗಾಡಿದರು. ಗಾಡಿ ಬಂದ ಸದ್ದಿಗೆ ಎಲ್ಲರೂ ಮುನ್ನುಗ್ಗಿದರು. ಅಣ್ಣ ನನ್ನ ತೋಳು ಹಿಡಿದು ಕಟಕಟೆಯ ಬದಿಗೆ ಎಳೆದುಕೊಂಡರು, ಬೀಳದ ಹಾಗೆ. ಗುಂಪು ದಾಟಿಹೋಗುವವರೆಗೂ ಹಿಡಿದೇ ನಿಂತಿದ್ದರು.

“ಗಾಡಿ ಹೋಯ್ತಲ್ಲ ನಿಮ್ದು,” ಎಂದರು. “ಇನ್ನೊಂದಕ್ಕೆ ಹೊತ್ತುಂಟು. ಹೋಟೆಲಿಗೆ ಬನ್ನಿ.”